ಯುದ್ಧ ಮುಗಿದ ಮೇಲೆ ಹೊಲಿದ ಕುಲಾವಿ

ಎತ್ತು ಕೊಳ್ಳೋಕೆ ಸಂತೆಗೆ ಹೋದವನು ಕೊರಳ ಗಂಟೆ ನೋಡಿ ದುಡ್ಡು ಎಣಿಸೋದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡ್ತಾನೆ, ಗೊರಸು ನೋಡ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡ್ತಾನೆ. ಕಾಂಗೇಯಂ ಕರು ಹುಟ್ಟುವಾಗ ಕೆಂಪಗಿದ್ದು ಆರು ತಿಂಗಳ ಹೊತ್ತಿಗೆ ಬೂದು ಬಣ್ಣಕ್ಕೆ ತಿರುಗುತ್ತೆ ಅನ್ನೋದು ನಮ್ಮ ಕಡೆ ಓದು ಬರಹ ಇಲ್ಲದ ಅಜ್ಜಿಗೂ ಗೊತ್ತು. ಹುಟ್ಟಿದ ವಾರಕ್ಕೇ ಬೂದು ಬಣ್ಣದ ಕರು ತೋರಿಸಿ "ಅಪ್ಪಟ ಕಾಂಗೇಯಂ" ಅಂದರೆ ಆ ಅಜ್ಜಿ ನಕ್ಕುಬಿಡ್ತಾಳೆ.

ಕೋಯಮತ್ತೂರಿನ ಪಂಪ್‌ಸೆಟ್ಟಿನ ವಿಚಾರವೂ ಹಾಗೇ. ಹಳೇ ಮೋಟರು ಕೊಳ್ಳೋ ರೈತ ಮೇಲಿನ ತಗಡಿನ ಹೆಸರು ನಂಬೋದಿಲ್ಲ. ಆ ತಗಡನ್ನು ಹಿಡಿದಿರೋದು ಎರಡೋ ನಾಲ್ಕೋ ಮೊಳೆ. ಬಿಚ್ಚಿ ಇನ್ನೊಂದಕ್ಕೆ ಹೊಡೆಯೋಕೆ ಐದು ನಿಮಿಷ ಸಾಕು. ಅದಕ್ಕೇ ಅವನು ಎರಕ ನೋಡ್ತಾನೆ, ಒಳಗಿನ ಸುತ್ತು ನೋಡ್ತಾನೆ, ಓಡಿಸಿ ಸದ್ದು ಕೇಳ್ತಾನೆ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ದುಡಿಯೋ ನಮ್ಮ ಹುಡುಗರನ್ನು ಕೇಳಿ. ಬಟ್ಟೆ ಬೇರೆ, ಲೇಬಲ್ಲು ಬೇರೆ, ಎರಡನ್ನೂ ಒಂದು ಮಾಡೋದು ಸೂಜಿ ದಾರ ಅಂತ ಅವರು ಹೇಳ್ತಾರೆ.

ಹೀಗೆ ಅಸಲಿ ಯಾವುದು, ಡೂಪ್ಲಿಕೇಟ್ ಯಾವುದು ಅಂತ ನೋಡೋ ಕಣ್ಣು ಈ ಎರಡು ಜಿಲ್ಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಅದೇ ಕಣ್ಣು "ಚರಿತ್ರೆ" ಅನ್ನೋ ಮಾತು ಕಿವಿಗೆ ಬಿದ್ದ ಕೂಡಲೇ ಯಾಕೋ ಮುಚ್ಚಿಕೊಳ್ಳುತ್ತೆ. ಗಾಜಿನ ಪೆಟ್ಟಿಗೆಯೊಳಗೆ ಇಟ್ಟು ಒಂದು ಚೀಟಿ ಅಂಟಿಸಿದರೆ ಮುಗಿಯಿತು, ಕೈ ಮುಗಿದು ಬರ್ತೀವಿ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹಗಲು ತೋಟದ ಕೆಲಸ, ರಾತ್ರಿ ಕರೆದ ಕಡೆ ಹಾಡು. ಆದರೂ ಅಂಥ ಒಂದು ಚೀಟಿಯ ಬಗ್ಗೆ ವಿಮರ್ಶೆ ಬರೀಬೇಕು ಅನ್ನಿಸಿ ಕೂತಿದ್ದೀನಿ.

ನಮ್ಮ ಸುತ್ತಿನ ಒಂದು ಶಾಲೆಯಲ್ಲಿ ಹಳೇ ಸಾಮಾನುಗಳ ಪ್ರದರ್ಶನ ನಡೆಯಿತು. ಯಾವ ಶಾಲೆ, ಯಾರು ನಡೆಸಿದರು ಅನ್ನೋದು ಇಲ್ಲಿ ಬೇಡ. ಒಳ್ಳೇ ಮನಸ್ಸಿನಿಂದಲೇ ಮಾಡಿದ್ದರು. ಬೀಸೋ ಕಲ್ಲು, ಒನಕೆ, ಕಪಿಲೆಯ ಚರ್ಮದ ಚೀಲ, ನೇಕಾರರ ಲಾಳಿ, ಹಳೇ ಸೇರು ಪಾವು ಎಲ್ಲ ಇದ್ದವು. ಅವಕ್ಕೆ ಬರೆದ ಚೀಟಿಗಳಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಎಲ್ಲಕ್ಕಿಂತ ದೊಡ್ಡದಾಗಿ, ನಡುವಿನ ಮೇಜಿನ ಮೇಲೆ ಕೆಂಪು ಬಟ್ಟೆ ಹಾಸಿ ಇಟ್ಟಿದ್ದ ಸಾಮಾನಿಗೆ. ಅದು ಒಂದು ಉಕ್ಕಿನ ಟೋಪಿ. ಚೀಟಿಯಲ್ಲಿ ಹೀಗಿತ್ತು: "ಎರಡನೇ ಮಹಾಯುದ್ಧದಲ್ಲಿ ನಮ್ಮೂರ ವೀರಯೋಧರು ಬರ್ಮಾದಲ್ಲಿ ಧರಿಸಿದ ಅಮೆರಿಕನ್ ಶಿರಸ್ತ್ರಾಣ."

ಆ ಯೋಧರನ್ನು ನಮ್ಮ ಕಡೆ ದಂಡಿನ ತಾತ ಅಂತಲೇ ಕರೀತಿದ್ದರು. 1940ರ ಮೇಲೆ ಸೈನ್ಯಕ್ಕೆ ಸೇರಿ, ಬರ್ಮಾ ಕಡೆ ಹೋಗಿ, ಜೀವಂತ ತಿರುಗಿ ಬಂದವರು. ಅವರು ತೀರಿಹೋಗಿ ಬಹಳ ಕಾಲ ಆಯಿತು. ಪ್ರದರ್ಶನದ ದಿವಸ ಅವರ ಮಗಳು ಬಂದಿದ್ದರು, ವಯಸ್ಸು ಎಪ್ಪತ್ತು ದಾಟಿದೆ. ಮೇಜಿನ ಹತ್ತಿರ ಬಂದು ಎರಡೂ ಕೈಯಲ್ಲಿ ಆ ಟೋಪಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ನೋಡಿದವರಿಗೆಲ್ಲ ಕಣ್ಣು ತುಂಬಿತು. ನನಗೂ ತುಂಬಿತು. ಆದರೆ ಆ ತಾಯಿ ಕಣ್ಣಿಗೊತ್ತಿಕೊಂಡದ್ದು ಅವರ ಅಪ್ಪ ಮುಟ್ಟಿರದ ಟೋಪಿ. ಅದಕ್ಕೇ ಈ ವಿಮರ್ಶೆ.

ಹೇಗೆ ಹೇಳ್ತೀಯ ಅಂತ ಕೇಳ್ತೀರಿ. ಹೇಳ್ತೀನಿ. ವೆಲ್ಲಿಂಗ್ಟನ್ನಿನ ಮದ್ರಾಸ್ ರೆಜಿಮೆಂಟಿನಲ್ಲಿದ್ದು ನಿವೃತ್ತರಾದ ನಮ್ಮ ನೆಂಟರೊಬ್ಬರು ತೋರಿಸಿಕೊಟ್ಟದ್ದು ಅರ್ಧ, ಮೊಮ್ಮಗಳ ಹತ್ತಿರ ಇಂಗ್ಲಿಷ್ ಪುಸ್ತಕ ಓದಿಸಿ ಕೇಳಿದ್ದು ಅರ್ಧ.

ಅಮೆರಿಕದ ಸೈನ್ಯದ ಆ ದುಂಡನೆಯ ಟೋಪಿಗೆ 'ಎಂ ಒಂದು' ಅಂತ ಹೆಸರು. 1941ರಲ್ಲಿ ಬಂತು. ಯುದ್ಧ ಮುಗಿಯೋ ಹೊತ್ತಿಗೆ ಎರಡು ಕೋಟಿಗೂ ಮೇಲೆ ತಯಾರಾಗಿತ್ತು. ಮಾಡಿದ್ದು ಎರಡೇ ಕಂಪನಿ: ಡೆಟ್ರಾಯ್ಟ್ ಊರಿನ ಮೆಕಾರ್ಡ್, ಸೇಂಟ್ ಲೂಯಿಸ್ ಊರಿನ ಶ್ಲೂಟರ್. ಮೆಕಾರ್ಡ್ ಮೊದಲು ಮೋಟರು ಗಾಡಿಗೆ ರೇಡಿಯೇಟರ್ ಮಾಡ್ತಿದ್ದ ಕಂಪನಿ. ಟೋಪಿಯಲ್ಲಿ ಎರಡು ಭಾಗ. ಮೇಲೆ ಉಕ್ಕಿನ ಚಿಪ್ಪು, ಅದರೊಳಗೆ ಬೇರೆಯಾಗಿ ಕೂರೋ ಒಂದು ಹಗುರ ಒಳಟೋಪಿ. ತೆಂಗಿನಕಾಯಿಗೆ ಹೊರಗೆ ಮಟ್ಟೆ, ಒಳಗೆ ಕರಟ ಇದ್ದ ಹಾಗೆ ಅಂದುಕೊಳ್ಳಿ. ಎರಡೂ ಸೇರಿ ಸುಮಾರು 1.3 ಕಿಲೋ ತೂಕ. ಸಿಪಾಯಿಗಳು ಮೇಲಿನ ಚಿಪ್ಪು ತೆಗೆದು ಅದರಲ್ಲೇ ಮುಖ ತೊಳೀತಿದ್ದರು, ಮಣ್ಣು ತೋಡ್ತಿದ್ದರು.

ಉಕ್ಕು ಸಾಮಾನ್ಯದ್ದಲ್ಲ, ಮ್ಯಾಂಗನೀಸ್ ಸೇರಿಸಿದ್ದು, ನೂರಕ್ಕೆ ಸುಮಾರು 12 ಪಾಲು. ಏಟು ಬಿದ್ದಷ್ಟೂ ಗಟ್ಟಿಯಾಗೋ ಗುಣ ಇದಕ್ಕಿದೆ. ನಮ್ಮ ಕಡೆ ಜಲ್ಲಿ ಕ್ರಷರಿನಲ್ಲಿ ಕಲ್ಲು ಜಗಿಯೋ ದವಡೆ ಪ್ಲೇಟು ಇದೇ ಜಾತಿಯ ಉಕ್ಕು. ರೈಲು ಹಳಿ ಒಂದನ್ನೊಂದು ದಾಟೋ ಜಾಗದಲ್ಲಿ ಹಾಕೋದೂ ಇದನ್ನೇ. ಇದನ್ನು ಕಂಡುಹಿಡಿದವರು ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹ್ಯಾಡ್‌ಫೀಲ್ಡ್, 1882ರಲ್ಲಿ.

ಯುದ್ಧ ಮುಗಿದ ಮೇಲೆ ಏನಾಯಿತು ಅಂದರೆ, ಯುರೋಪಿನ ದೇಶಗಳೆಲ್ಲ ಹೊಸದಾಗಿ ಸೈನ್ಯ ಕಟ್ಟಬೇಕಾಯಿತು. 1949ರಲ್ಲಿ ನ್ಯಾಟೋ ಒಕ್ಕೂಟ ಆಯಿತು. ಅಮೆರಿಕದ ಅಚ್ಚನ್ನೇ ನೋಡಿಕೊಂಡು ಒಬ್ಬೊಬ್ಬರೂ ತಮ್ಮ ಊರಲ್ಲೇ ಟೋಪಿ ಮಾಡಿಕೊಂಡರು. ಡೆನ್ಮಾರ್ಕಿನದು 1948ರ ಮಾದರಿ, ಬೆಲ್ಜಿಯಂನದು 1951ರದು, ಹಾಲೆಂಡಿನದು 1953ರದು. ಪಶ್ಚಿಮ ಜರ್ಮನಿ ಹೊಸ ಸೈನ್ಯ ಕಟ್ಟಿದಾಗ 1956ರಲ್ಲಿ ಅದೇ ಆಕಾರ ಹಿಡಿಯಿತು. ಹತ್ತು ಹನ್ನೆರಡು ವರ್ಷದ ಹಿಂದೆ ಯಾವ ಟೋಪಿಯವರ ಮೇಲೆ ಗುಂಡು ಹಾರಿಸಿದ್ದರೋ ಅದೇ ಟೋಪಿಯ ಆಕಾರವನ್ನು ತಮ್ಮ ತಲೆಗೇ ಇಟ್ಟುಕೊಂಡರು. ಆಸ್ಟ್ರಿಯದವರೂ ಮಾಡಿದರು. ಈ ಕಡೆ ಜಪಾನಿನವರೂ 1966ರ ಮಾದರಿ ಅಂತ ಅದೇ ರೂಪದ್ದೊಂದು ಮಾಡಿಕೊಂಡರು.

ಮುಂದೆ ಈ ಸೈನ್ಯಗಳೆಲ್ಲ ಹೊಸ ಬಗೆಯ ಟೋಪಿಗೆ ಹೋದವು. ಹಳೇವು ಮೂಟೆಗಟ್ಟಲೆ ಹೊರಗೆ ಬಂದವು. ಹಳೇ ಸಾಮಾನಿನ ವ್ಯಾಪಾರಿಗಳು ಕೊಂಡರು. ಅಲ್ಲಿಂದ ಶುರುವಾಯಿತು ಮಾತಿನ ವ್ಯಾಪಾರ. "ಹಾಲೆಂಡಿನ ಸೈನ್ಯದ ಹಳೇ ಟೋಪಿ" ಅಂದರೆ ಯಾರಿಗೆ ಬೇಕು? "ಅಮೆರಿಕನ್, ಮಹಾಯುದ್ಧದ್ದು" ಅಂದರೆ ಬೆಲೆ ಏರುತ್ತೆ. ಟೋಪಿ ಅದೇ, ಚೀಟಿ ಮಾತ್ರ ಬೇರೆ.

ಇನ್ನು ಗುರುತು ಹಿಡಿಯೋ ಕ್ರಮ. ವಾಧ್ಯಾರರು ಇದನ್ನು ಮಕ್ಕಳಿಗೆ ಹೇಳಿಕೊಡಬಹುದು ಅಂತ ಒಂದೊಂದಾಗಿ ಬರೀತೀನಿ.

ಮೊದಲನೇದು ಒತ್ತು. ಅಮೆರಿಕದ ಚಿಪ್ಪಿನ ಒಳಗೆ, ಹೆಚ್ಚಾಗಿ ಹಣೆಯ ಕಡೆ, ಒಂದು ನಂಬರು ಒತ್ತಿರುತ್ತೆ, ಜೊತೆಗೆ ಒಂದು ಇಂಗ್ಲಿಷ್ ಅಕ್ಷರವೂ ಇರಬಹುದು. ಯಾವ ಸಲ ಕಾಸಿದ ಉಕ್ಕು ಅಂತ ತಿಳಿಯೋಕೆ ಹಾಕಿದ ಗುರುತು ಅದು. ಶ್ಲೂಟರ್ ಕಂಪನಿಯದಾದರೆ 'ಎಸ್' ಅಕ್ಷರವೂ ಕಾಣುತ್ತೆ. ಬಣ್ಣದ ಕೆಳಗೆ ಮುಚ್ಚಿಹೋಗಿದ್ದರೂ ಬೆಳಕನ್ನು ಓರೆಯಾಗಿ ಬಿಟ್ಟರೆ ಗೊತ್ತಾಗುತ್ತೆ. ಬೇರೆ ದೇಶದವರು ತಮ್ಮ ಕಂಪನಿಯ ಗುರುತು, ತಮ್ಮ ವರ್ಷ ಒತ್ತಿರ್ತಾರೆ. ಅದನ್ನು ಅವರು ಬಚ್ಚಿಟ್ಟಿಲ್ಲ ಅನ್ನೋದನ್ನು ನೆನಪಿಡಿ.

ಎರಡನೇದು ಅಂಚು. ಉಕ್ಕಿನ ಚಿಪ್ಪಿನ ಸುತ್ತ ಅಂಚಿಗೆ ಒಂದು ಸಣ್ಣ ಪಟ್ಟಿ ಮಡಿಸಿ ಕೂರಿಸಿರ್ತಾರೆ, ಸೀರೆಗೆ ಫಾಲ್ಸ್ ಹೊಲಿದ ಹಾಗೆ. ಆ ಪಟ್ಟಿಯ ಎರಡು ತುದಿ ಕೂಡೋ ಜಾಗ ಒಂದು ಇರಲೇಬೇಕು. ಅಮೆರಿಕದಲ್ಲಿ ಮೊದಲು ಆ ಕೂಡು ಮುಂದೆ ಹಣೆಯ ಮೇಲೆ ಇತ್ತು. 1944ರ ಕೊನೆಗೆ ಅದನ್ನು ಹಿಂದಕ್ಕೆ, ಕತ್ತಿನ ಕಡೆಗೆ ತಂದರು. ಆದ್ದರಿಂದ ಕೂಡು ಮುಂದಿದ್ದರೆ ಅದು ಯುದ್ಧಕಾಲದ್ದು ಅನ್ನೋಕೆ ಬಲ ಬರುತ್ತೆ. ಹಿಂದಿದ್ದರೆ ಯುದ್ಧದ ಕೊನೆಯದೂ ಆಗಬಹುದು, ಆಮೇಲಿನ ಕೊರಿಯಾ, ವಿಯೆಟ್ನಾಂ ಯುದ್ಧದ ಕಾಲದ್ದೂ ಆಗಬಹುದು, ಬೇರೆ ದೇಶದ್ದೂ ಆಗಬಹುದು.

ಮೂರನೇದು ಕೊಂಡಿ. ಗಲ್ಲದ ಪಟ್ಟಿ ಸಿಕ್ಕಿಸೋ ಕೊಂಡಿಗಳು ಮೊದಲು ಚಿಪ್ಪಿಗೆ ಅಲ್ಲಾಡದ ಹಾಗೆ ಬೆಸೆದಿದ್ದವು. ಕೆಳಗೆ ಬಿದ್ದರೆ ಮುರಿದುಹೋಗ್ತಿದ್ದವು. ಅದಕ್ಕೇ 1943ರಲ್ಲಿ ಬಾಗಿಲ ಬಿಜಾಗರಿಯ ಹಾಗೆ ಮಡಚೋ ಕೊಂಡಿ ತಂದರು. ಅಲ್ಲಾಡದ ಕೊಂಡಿ ಇದ್ದರೆ ಹಳೇದು ಅಂತ ಲೆಕ್ಕ.

ನಾಲ್ಕನೇದು ಬಣ್ಣ. ಯುದ್ಧಕಾಲದ ಅಮೆರಿಕನ್ ಬಣ್ಣ ಮುಟ್ಟಿದರೆ ತರಿ ತರಿ. ಬಿಸಿಲಿಗೆ ಮಿನುಗಬಾರದು ಅಂತ ಬಾಟಲಿ ಮುಚ್ಚಳಕ್ಕೆ ಹಾಕೋ ಕಾರ್ಕಿನ ಪುಡಿ ಸೇರಿಸ್ತಿದ್ದರು. ಆಮೇಲಿನ ಕಾಲದಲ್ಲಿ ಮರಳಿನ ಪುಡಿ ಬಂತು. ಬಣ್ಣ ಮಾತ್ರ ಸುಲಭದ ಸಾಕ್ಷಿಯಲ್ಲ. ಯಾರು ಬೇಕಾದರೂ ಮತ್ತೆ ಬಳಿಯಬಹುದು. ಅಮೆರಿಕದ ಸೈನ್ಯವೇ ಹಳೇ ಟೋಪಿಗಳಿಗೆ ಮತ್ತೆ ಬಳಿದು ಹೊಸಬರಿಗೆ ಕೊಟ್ಟಿದೆ.

ಐದನೇದು ಬಿರುಕು. ತಣ್ಣನೆಯ ತಗಡನ್ನು ಏಳು ಇಂಚು ಆಳಕ್ಕೆ ಒತ್ತಿ ಎಳೆದದ್ದರಿಂದ ಯುದ್ಧಕಾಲದ ಚಿಪ್ಪುಗಳಲ್ಲಿ ಅಂಚಿನ ಹತ್ತಿರ ಕೂದಲೆಳೆಯಷ್ಟು ಬಿರುಕು ಬಹಳ ಕಾಣುತ್ತೆ. ಗೊತ್ತಿಲ್ಲದವರು ಅದನ್ನು ಕೊರತೆ ಅಂತಾರೆ, ಗೊತ್ತಿದ್ದವರು ಅಲ್ಲಿ ವಯಸ್ಸನ್ನು ಓದ್ತಾರೆ. ಮುದುಕರ ಹಿಮ್ಮಡಿಯ ಹಾಗೆ.

ಕೊನೆಗೆ ಗಲ್ಲದ ಪಟ್ಟಿ, ಒಳಟೋಪಿ. ಇವೆರಡನ್ನೂ ನಾನು ಕೊನೆಗೆ ಇಟ್ಟಿರೋದಕ್ಕೆ ಕಾರಣ ಇದೆ. ಒಳಟೋಪಿಯ ನೆತ್ತಿಯ ಒಳಗೆ ವೆಸ್ಟಿಂಗ್‌ಹೌಸ್, ಫೈರ್‌ಸ್ಟೋನ್ ಅಂತ ಕಂಪನಿಯ ಗುರುತು ಇದ್ದರೆ ಅದು ಅಮೆರಿಕದ್ದು, ಸರಿ. ಆದರೆ ಚಿಪ್ಪಿಗೂ ಅದಕ್ಕೂ ಗಂಟು ಹಾಕಿಲ್ಲ. ಅಮೆರಿಕದ ಒಳಟೋಪಿಯನ್ನು ಬೆಲ್ಜಿಯಂನ ಚಿಪ್ಪಿನೊಳಗೆ ಕೂರಿಸಬಹುದು, ಹರಿದ ಪಟ್ಟಿ ತೆಗೆದು ಹೊಸದು ಹಾಕಬಹುದು. ಮೋಟರಿನ ತಗಡಿನ ಕಥೆಯೇ ಇಲ್ಲೂ. ಬಿಚ್ಚಿ ಹಾಕೋ ಭಾಗ ಏನು ಹೇಳಿದರೂ ಬಿಚ್ಚೋಕಾಗದ ಭಾಗವನ್ನು ಕೇಳಿ ಆಮೇಲೆ ನಂಬಬೇಕು. ಎತ್ತಿನ ಹಲ್ಲು, ಮೋಟರಿನ ಎರಕ, ಟೋಪಿಯ ಚಿಪ್ಪು, ಇವು ಮೂರಕ್ಕೂ ಒಂದೇ ನ್ಯಾಯ.

ಈಗ ಆ ಮೇಜಿನ ಟೋಪಿಗೆ ಬರೋಣ. ಪ್ರದರ್ಶನ ಮುಗಿದು ಜನ ಕರಗಿದ ಮೇಲೆ ಒಬ್ಬ ಮೇಷ್ಟ್ರ ಅಪ್ಪಣೆ ಕೇಳಿ ಕೈಗೆ ತಗೊಂಡೆ. ಅಂಚಿನ ಕೂಡು ಹಿಂದೆ. ಕೊಂಡಿ ಮಡಚೋ ಬಗೆ. ಅದರಿಂದ ಏನೂ ತೀರ್ಮಾನ ಆಗೋದಿಲ್ಲ. ಹಣೆಯ ಕಡೆ ಒಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದೆ, ನಂಬರಿಲ್ಲ. ಸುತ್ತ ಹುಡುಕಿದರೆ ಅಮೆರಿಕದ ಕ್ರಮಕ್ಕೆ ಸೇರದ ಒಂದು ಒತ್ತು ಸಿಕ್ಕಿತು, ಅದರ ಪಕ್ಕದಲ್ಲೇ 1953 ಅಂತ ಇಸವಿ. ಮೇಷ್ಟ್ರಿಗೂ ತೋರಿಸಿದೆ, ಓದಿ ನೋಡಿದರು.

ಮಹಾಯುದ್ಧ ಮುಗಿದದ್ದು 1945ರಲ್ಲಿ. ಕೂಸು ಹುಟ್ಟೋ ಮುಂಚೆ ಕುಲಾವಿ ಅಂತ ನಮ್ಮಲ್ಲಿ ಗಾದೆ ಇದೆ. ಇಲ್ಲಿ ಕೂಸು ಬೆಳೆದು ದಂಡಿಗೆ ಹೋಗಿ ತಿರುಗಿ ಬಂದು ಹೊಲ ಉಳುತ್ತಾ ಇರುವಾಗ ಎಂಟು ವರ್ಷ ತಡವಾಗಿ ಕುಲಾವಿ ಹೊಲಿದಿದ್ದಾರೆ. ಅದು ಯುರೋಪಿನಲ್ಲಿ ಮಾಡಿದ ಟೋಪಿ. ಯಾರೋ ನಾಲ್ಕು ಸಾವಿರಕ್ಕೆ ಹಳೇ ಸಾಮಾನಿನವರಿಂದ ಕೊಂಡು ತಂದದ್ದು ಅಂತ ಆಮೇಲೆ ತಿಳಿಯಿತು. ದಂಡಿನ ತಾತನ ಹೆಸರು ಸೇರಿದ್ದು ಚೀಟಿ ಬರೆಯುವಾಗ.

ಇನ್ನೊಂದು ಮಾತನ್ನೂ ನ್ಯಾಯವಾಗಿ ಯೋಚನೆ ಮಾಡಬೇಕು. ಈ ಟೋಪಿ ಸುಳ್ಳಾದರೂ, ತಾತನ ತಲೆ ಮೇಲೆ ಅಮೆರಿಕದ ಟೋಪಿ ಇದ್ದಿರಬಹುದೇ? ಇಂಡಿಯಾಕ್ಕೆ ಅಮೆರಿಕದ ಸಿಪಾಯಿಗಳು ಬಂದದ್ದು ನಿಜ. ಅಸ್ಸಾಮಿನ ಲೆಡೋದಿಂದ ಬರ್ಮಾ ದಾಟಿ ಚೀನಾಕ್ಕೆ ರಸ್ತೆ ಹಾಕೋಕೆ ಸುಮಾರು 15,000 ಅಮೆರಿಕದ ಸಿಪಾಯಿಗಳು ಕಾಡಲ್ಲಿ ದುಡಿದಿದ್ದಾರೆ. ಹಾಗಾಗಿ ಅವರ ಟೋಪಿ ಒಂದು ಈ ದೇಶದ ಯಾವುದೋ ಮನೆಯಲ್ಲಿ ಸಿಕ್ಕರೆ ಆಶ್ಚರ್ಯ ಇಲ್ಲ. ನಮ್ಮ ಸೂಲೂರಿನ ವಿಮಾನ ನಿಲ್ದಾಣದಲ್ಲೂ ಆ ಕಾಲದಲ್ಲಿ ಪರದೇಶದವರಿದ್ದರಲ್ಲ ಅಂತ ಒಬ್ಬರು ಕೇಳಿದರು. ಇದ್ದರು. ಆದರೆ ಅವರು ಬ್ರಿಟಿಷ್ ನೌಕಾಪಡೆಯ ವಿಮಾನದವರು. ಕೋಯಮತ್ತೂರಿನ ನೆಲೆಗೆ 'ಎಚ್.ಎಂ.ಎಸ್. ಗರುಡ' ಅಂತಲೂ ಸೂಲೂರಿನದಕ್ಕೆ 'ಎಚ್.ಎಂ.ಎಸ್. ವೈರಿ' ಅಂತಲೂ ಹೆಸರಿಟ್ಟಿದ್ದರು. ಕೂತು ವಿಮಾನ ರಿಪೇರಿ ಮಾಡೋ ಜಾಗಕ್ಕೆ ವೈರಿ ಅಂತ ಹೆಸರು! ಇರಲಿ. ಅವರೂ ಅಮೆರಿಕದ ಸೈನ್ಯದವರಲ್ಲ.

ನಮ್ಮವರು ಸೇರಿದ್ದು ಬ್ರಿಟಿಷರ ಕೈಕೆಳಗಿನ ಇಂಡಿಯಾದ ಸೈನ್ಯಕ್ಕೆ. ಆ ಯುದ್ಧದಲ್ಲಿ 25 ಲಕ್ಷಕ್ಕೂ ಮೇಲೆ ನಮ್ಮ ಜನ ಅದರಲ್ಲಿದ್ದರು. ಅವರಿಗೆ ಕೊಟ್ಟದ್ದು ಬ್ರಿಟಿಷರ ಮಾದರಿಯ ಉಕ್ಕಿನ ಟೋಪಿ, ಆಳ ಕಡಿಮೆ, ಅಂಚು ಅಗಲ, ಊಟದ ತಟ್ಟೆ ಕವುಚಿದ ಹಾಗೆ. ಬರ್ಮಾದ ಕಾಡಲ್ಲಿ ಎಷ್ಟೋ ಜನ ಅದನ್ನೂ ಹಾಕದೆ ಅಗಲ ಅಂಚಿನ ಉಣ್ಣೆ ಟೋಪಿ ಹಾಕ್ತಿದ್ದರು, ಇನ್ನು ಕೆಲವರು ಪೇಟ ಸುತ್ತುತ್ತಿದ್ದರು. ಹಳೇ ಫೋಟೋಗಳಲ್ಲಿ ಇದು ಬಿಳಿ ಹಾಳೆಯ ಮೇಲೆ ಕರಿ ಅಕ್ಷರದಷ್ಟು ಸ್ಪಷ್ಟ.

ಇಲ್ಲಿ ಬರುತ್ತೆ ನೋಡಿ ನನಗೆ ಬಹಳ ನೋವಾದ ಸಂಗತಿ. ಅದೇ ಪ್ರದರ್ಶನದಲ್ಲಿ, ಬಾಗಿಲ ಹತ್ತಿರ, ಒಂದು ಸ್ಟೂಲಿನ ಮೇಲೆ ಚೆಂಡು ಹೂ ತುಂಬಿಸಿ ಒಂದು ಕಬ್ಬಿಣದ ಬಟ್ಟಲು ಇಟ್ಟಿದ್ದರು. ತುಕ್ಕು ಹಿಡಿದು ಒಂದು ಕಡೆ ಸೊಟ್ಟಗಾಗಿತ್ತು. ಯಾವುದೋ ಹಟ್ಟಿಯಲ್ಲಿ ಕೋಳಿಗೆ ನೀರಿಡ್ತಿದ್ದದ್ದಂತೆ. ಹೂ ತೆಗೆದು ಮಗುಚಿ ನೋಡಿದರೆ ಅದು ಬಟ್ಟಲಲ್ಲ. ಆ ತಟ್ಟೆ ಆಕಾರದ ಟೋಪಿಯೇ! ಗಲ್ಲದ ಪಟ್ಟಿಯ ಕೊಂಡಿ ಇದ್ದ ಗುರುತೂ ಇತ್ತು. ಅದು ದಂಡಿನ ತಾತನದೇ ಅಂತ ನಾನು ಹೇಳೋದಿಲ್ಲ. ಹಾಗೆ ಹೇಳಿದರೆ ನಾನೂ ಸುಳ್ಳು ಚೀಟಿ ಬರೆದ ಹಾಗಾಗುತ್ತೆ. ಆದರೆ ನಮ್ಮ ಕಡೆಯ ಯಾರೋ ಒಬ್ಬರ ತಲೆ ಕಾದದ್ದು ಅಂತ ನಂಬೋದಾದರೆ, ಆ ಕೊಠಡಿಯಲ್ಲಿ ನಂಬೋಕೆ ತಕ್ಕದ್ದು ಅದೊಂದೇ. ಅಮೆರಿಕ ಅನ್ನೋ ಹೆಸರಿಗೆ ಕೆಂಪು ಬಟ್ಟೆ ಹಾಸಿದರು, ನಮ್ಮದಕ್ಕೆ ಹೂ ತುಂಬಿ ಬಾಗಿಲಿಗೆ ಇಟ್ಟರು. ಪ್ರದರ್ಶನದ ಮೇಲೆ ನನ್ನ ದೊಡ್ಡ ಆಕ್ಷೇಪ ಇದು.

ಇಷ್ಟು ಹೇಳಿದ್ದಕ್ಕೆ ಯುರೋಪಿನ ಆ ಟೋಪಿಯನ್ನು ನಾನು ಹೀಯಾಳಿಸ್ತೀನಿ ಅಂದುಕೊಳ್ಳಬೇಡಿ. ನಕಲು ಅನ್ನೋ ಮಾತನ್ನು ಬಾಯಿಗೆ ಬಂದ ಹಾಗೆ ಬಳಸೋದು ನನಗೆ ಇಷ್ಟ ಇಲ್ಲ. ಅಮೆರಿಕದ ಟೋಪಿಯ ಚರಿತ್ರೆಯನ್ನೇ ನೋಡಿ. 'ಎಂ ಒಂದು' ಬರೋಕೆ ಮುಂಚೆ ಅವರ ತಲೆ ಮೇಲೆ ಇದ್ದದ್ದು ಇದೇ ತಟ್ಟೆ ಟೋಪಿ. ಅದನ್ನು 1915ರಲ್ಲಿ ಲಂಡನ್ನಿನಲ್ಲಿ ಜಾನ್ ಬ್ರೋಡಿ ಅನ್ನೋರು ಮಾಡಿದರು. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಮೊದಲು ಬ್ರಿಟಿಷರ ಹತ್ತಿರ ಕೊಂಡರು, ಆಮೇಲೆ ಅದನ್ನೇ ನೋಡಿ ತಮ್ಮಲ್ಲಿ ಮಾಡಿಕೊಂಡರು. 'ಎಂ ಒಂದು' ಮಾಡುವಾಗಲೂ ಆ ಹಳೇ ಟೋಪಿಯ ಅಗಲ ಅಂಚು ಕತ್ತರಿಸಿ, ಕಿವಿ ಕತ್ತು ಮುಚ್ಚೋ ಹಾಗೆ ಕೆಳಗೆ ಸೇರಿಸಿ ಮಾದರಿ ಕಟ್ಟಿದರು. ಉಕ್ಕು ಶೆಫೀಲ್ಡಿನವರು ಕಂಡುಹಿಡಿದದ್ದು. ಅಂದಮೇಲೆ ಅಸಲಿ ಅಂತ ನಾವು ಹೊಗಳೋದರ ಒಳಗೂ ಇನ್ನೊಬ್ಬರಿಂದ ಕಲಿತದ್ದೇ ತುಂಬಿದೆ.

ಬೆಲ್ಜಿಯಂನವರು ಹಾಲೆಂಡಿನವರು ಟೋಪಿ ಮಾಡಿಕೊಂಡದ್ದು ಯಾರನ್ನೂ ಮೋಸ ಮಾಡೋಕಲ್ಲ, ತಮ್ಮ ಮಕ್ಕಳ ತಲೆ ಕಾಯೋಕೆ. ಅದಕ್ಕೇ ತಮ್ಮ ಗುರುತು, ತಮ್ಮ ಇಸವಿ ಧೈರ್ಯವಾಗಿ ಒತ್ತಿದರು. ಆ ಟೋಪಿ ಒಂದು ದಿವಸವೂ ಸುಳ್ಳು ಹೇಳಿಲ್ಲ. ಒಳಗೆ 1953 ಅಂತ ಹೇಳ್ತಾನೇ ಇತ್ತು. ಸುಳ್ಳು ಹೇಳಿದ್ದು ಪಕ್ಕದಲ್ಲಿ ಅಂಟಿಸಿದ ಚೀಟಿ. ಹಾಡಿನಲ್ಲೂ ನಮಗೆ ಇದೇ ನಿಯಮ. ಬೇರೆ ಊರಿನ ಹಾಡು ಕಲಿತು ಹಾಡೋದು ತಪ್ಪಲ್ಲ. ಹಾಡಿ ಹಾಡಿ ನಮ್ಮ ನಾಲಿಗೆಗೆ ಒಗ್ಗಿಸಿಕೊಳ್ಳೋದೂ ತಪ್ಪಲ್ಲ. "ಇದು ಇಂಥ ಕಡೆಯಿಂದ ಬಂದದ್ದು" ಅಂತ ಮೊದಲು ಒಂದು ಮಾತು ಹೇಳದೆ, ನಮ್ಮ ಮುತ್ತಜ್ಜ ಕಟ್ಟಿದ್ದು ಅಂತ ಹೇಳಿದರೆ ಅದು ಕಳ್ಳತನ.

ಈ ಮಾತು ನನಗೆ ಯಾಕೆ ಇಷ್ಟು ತಾಗುತ್ತೆ ಅಂದರೆ, ನಮ್ಮ ಮನೆಮಾತಿನ ಮೇಲೂ ಈ ಚೀಟಿ ಅಂಟಿಸಿದವರಿದ್ದಾರೆ. ಈ ಎರಡು ಜಿಲ್ಲೆಯಲ್ಲಿ ಕನ್ನಡ ಮಾತಾಡೋ ನಾವು ಒಕ್ಕಲುತನದವರೋ ಮಗ್ಗದವರೋ ಕುರಿಯವರೋ ಯಾರೇ ಆಗಲಿ, ತಲೆಮಾರುಗಳಿಂದ ಇಲ್ಲೇ ಇದ್ದೀವಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಮೈಸೂರು ಕಡೆ ಹೋದರೆ "ಇದೆಂಥ ಕನ್ನಡ, ಅರ್ಧ ತಮಿಳು" ಅಂತಾರೆ. ಇಲ್ಲಿ "ನಿಮ್ಮದು ಎಲ್ಲಿಂದಲೋ ಬಂದ ಮಾತು" ಅಂತಾರೆ. ನಮ್ಮ ಕನ್ನಡ ಮೈಸೂರಿನ ಕನ್ನಡದ ಕೆಟ್ಟ ನಕಲು ಅಲ್ಲ. ಇಲ್ಲಿನ ಮಣ್ಣಿನಲ್ಲಿ ಇಲ್ಲಿನ ತಲೆ ಕಾಯೋಕೆ ಬೆಳೆದದ್ದು. ಆದರೆ ನಾವೇ ನಾಚಿಕೊಂಡು, ನಮ್ಮದಕ್ಕೆ ಹೂ ತುಂಬಿ ಬಾಗಿಲಿಗೆ ಇಟ್ಟು, ಕೊಂಡು ತಂದದ್ದಕ್ಕೆ ಕೆಂಪು ಬಟ್ಟೆ ಹಾಸಿದರೆ, ಬೇರೆಯವರನ್ನು ಯಾವ ಬಾಯಲ್ಲಿ ದೂರೋದು?

ಪ್ರದರ್ಶನದವರಲ್ಲಿ ಒಬ್ಬರು ನನಗೆ ಹೇಳಿದ ಮಾತು: "ಬಿಡಿ ಅಣ್ಣಾ, ಯಾರಿಗೆ ಗೊತ್ತಾಗುತ್ತೆ? ಮಕ್ಕಳಿಗೆ ನೋಡೋಕೆ ಚೆನ್ನಾಗಿರಬೇಕು ಅಷ್ಟೆ." ನಾನು ಇದನ್ನು ಒಪ್ಪೋದಿಲ್ಲ. ಸಂತೆಯಲ್ಲಿ ಮೋಸ ಹೋದರೆ ಒಂದು ಎತ್ತಿನ ದುಡ್ಡು ಹೋಗುತ್ತೆ, ಮುಂದಿನ ಬೆಳೆಯಲ್ಲಿ ತೀರಿಸಬಹುದು. ಶಾಲೆಯ ಮೇಜಿನ ಮೇಲೆ ಮೋಸ ಹೋದ ಮಗುವಿಗೆ ಮೋಸ ಹೋದದ್ದೇ ಗೊತ್ತಾಗೋದಿಲ್ಲ. ಮುಂದೆ ಅದು ಬೆಳೆದು ತನ್ನ ಮಕ್ಕಳಿಗೂ ಅದನ್ನೇ ಹೇಳುತ್ತೆ. ಒಂದು ದಿನ ತಿಳಿದವರು ಯಾರೋ ಬಂದು "ಇದು 1953ರದು" ಅಂದುಬಿಟ್ಟರೆ, ಟೋಪಿಯ ಜೊತೆಗೆ ದಂಡಿನ ತಾತನೂ ಸುಳ್ಳಾಗಿಬಿಡ್ತಾರೆ. ಅವರು ಬರ್ಮಾಕ್ಕೆ ಹೋದದ್ದೇ ಕಟ್ಟುಕಥೆ ಅಂತ ಜನ ನಗ್ತಾರೆ. ನಿಜವಾಗಿ ಹೋಗಿ ಬಂದ ಮನುಷ್ಯನಿಗೆ ಸುಳ್ಳು ಸಾಕ್ಷಿ ನಿಲ್ಲಿಸಿದರೆ ಅವರ ನಿಜವೂ ಕೆಡುತ್ತೆ.

ಆದ್ದರಿಂದ ವಾಧ್ಯಾರರಿಗೆ ನನ್ನ ಬಿನ್ನಹ. ಆ ಟೋಪಿಯನ್ನು ಎಸೆಯಬೇಡಿ. ಚೀಟಿ ಮಾತ್ರ ಬದಲಾಯಿಸಿ. "ಅಮೆರಿಕದ ಮಾದರಿ ನೋಡಿ ಯುರೋಪಿನಲ್ಲಿ 1953ರಲ್ಲಿ ಮಾಡಿದ ಟೋಪಿ. ಗುರುತು ಒಳಗಿದೆ, ನೀವೇ ಹುಡುಕಿ" ಅಂತ ಬರೀರಿ. ಹತ್ತು ಮಕ್ಕಳನ್ನು ಸುತ್ತ ಕೂರಿಸಿ, ಒಂದು ಬ್ಯಾಟರಿ ಕೊಟ್ಟು, ಕೂಡು ಎಲ್ಲಿದೆ, ಕೊಂಡಿ ಹೇಗಿದೆ, ಒತ್ತು ಏನಿದೆ ಅಂತ ಅವರ ಕೈಯಲ್ಲೇ ಹುಡುಕಿಸಿ. ಸುಳ್ಳು ಚೀಟಿಯ ಕೆಳಗೆ ಸುಮ್ಮನೆ ಕೂತಿದ್ದ ಟೋಪಿ ಅವತ್ತು ಒಳ್ಳೇ ಪಾಠ ಹೇಳುತ್ತೆ. ಬಾಗಿಲ ಹತ್ತಿರದ ತಟ್ಟೆ ಟೋಪಿಗೆ "ಎರಡನೇ ಮಹಾಯುದ್ಧದಲ್ಲಿ ಇಂಡಿಯಾದ ಸಿಪಾಯಿಗಳಿಗೆ ಕೊಡ್ತಿದ್ದ ಬಗೆಯದು, ಯಾರದು ಅಂತ ತಿಳಿದಿಲ್ಲ" ಅಂತ ಬರೀರಿ. ತಿಳಿದಿಲ್ಲ ಅಂತ ಬರೆಯೋದಕ್ಕೆ ನಾಚಿಕೆ ಬೇಡ. ಅದನ್ನು ಓದಿದ ಯಾರೋ ಒಬ್ಬರು "ಅದು ನಮ್ಮ ಹಟ್ಟಿಯದು" ಅಂತ ಮುಂದೆ ಬರಬಹುದು.

ದಂಡಿನ ತಾತನ ಮಗಳ ಹತ್ತಿರ ನಾನು ಟೋಪಿಯ ಮಾತು ಎತ್ತಲಿಲ್ಲ. ಅಪ್ಪನ ಸಾಮಾನು ಏನಾದರೂ ಮನೆಯಲ್ಲಿ ಇದೆಯಾ ಅಕ್ಕಾ ಅಂತ ಮಾತ್ರ ಕೇಳಿದೆ. ಇದೆ ಅಂದರು. ತಗಡಿನ ಟ್ರಂಕಿನಲ್ಲಿ ಸೈನ್ಯದಿಂದ ಬಿಟ್ಟಾಗ ಕೊಟ್ಟ ಡಿಸ್ಚಾರ್ಜ್ ಕಾಗದ, ಬಟ್ಟೆಯಲ್ಲಿ ಸುತ್ತಿದ ಎರಡು ಪದಕ. "ಯಾರೂ ಕೇಳಲಿಲ್ಲ, ಅದಕ್ಕೇ ತರಲಿಲ್ಲ" ಅಂದರು. ಆ ಕಾಗದದ ಮೇಲೆ ಅವರ ಅಪ್ಪನ ಹೆಸರಿದೆ, ನಂಬರಿದೆ, ಪಡೆಯ ಹೆಸರಿದೆ, ಸೇರಿದ ದಿವಸ ಬಿಟ್ಟ ದಿವಸ ಇದೆ. ಅದಕ್ಕೆ ಯಾವ ಚೀಟಿಯೂ ಬೇಕಾಗಿಲ್ಲ. ಮುಂದಿನ ಸಲ ಪ್ರದರ್ಶನ ಮಾಡೋರು ಮೊದಲು ಆ ಮನೆಗೆ ಹೋಗಿ ಕೇಳಿ.